ಕಾಲ ಕೆಳಗಿನ ಬಂಡೆ, ಮನೆಯೊಳಗಿನ ಗಾಳಿ

ಬೆಳಗಿನ ಆರೂಮುಕ್ಕಾಲಿಗೆ ಲಾಲ್‌ಬಾಗಿನ ಬಂಡೆ ಹತ್ತಿದರೆ ವಾಕಿಂಗಿಗೆ ಬಂದವರು, ಪ್ರಾಣಾಯಾಮಕ್ಕೆ ಕುಳಿತವರು, ಕೆಂಪೇಗೌಡ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುವವರು ಎಲ್ಲರೂ ಸಿಗುತ್ತಾರೆ. ಆ ದಿನ ನಾನು ಗೋಪುರದಿಂದ ಸ್ವಲ್ಪ ಕೆಳಗೆ ಬಂಡೆಯ ಮೇಲೆ ಕುಳಿತು, ಅಂಗೈಯಗಲದ ಒಂದು ಯಂತ್ರವನ್ನು ಕಲ್ಲಿಗೆ ತಾಗಿಸಿ ಇಟ್ಟುಕೊಂಡಿದ್ದೆ. ಅದು ಟಿಕ್, ಟಿಕ್‌ಟಿಕ್, ಟಿಕ್ ಎಂದು ಲಯವಿಲ್ಲದೆ ಸದ್ದು ಮಾಡುತ್ತಿತ್ತು. ಮಂಕಿ ಟೋಪಿ ಹಾಕಿದ್ದ ಹಿರಿಯರೊಬ್ಬರು ನಿಂತು ಕೇಳಿದರು: ‘ಏನ್ ಸಾರ್ ಇದು, ಮೊಬೈಲ್ ಟವರ್ ರೇಡಿಯೇಷನ್ ಅಳೀತಿದ್ದೀರಾ?’

‘ಇಲ್ಲ ಸರ್, ಈ ಬಂಡೆಯದು.’

‘ಬಂಡೆಯದಾ?’ ಅವರು ಕಾಲ ಕೆಳಗೆ ನೋಡಿಕೊಂಡರು. ‘ಮೂವತ್ತು ವರ್ಷದಿಂದ ದಿನಾ ಇಲ್ಲೇ ಕೂತ್ಕೋತೀನಲ್ಲಪ್ಪಾ. ಏನಾದ್ರೂ ತೊಂದ್ರೇನಾ?’

ಅದಕ್ಕೆ ಉತ್ತರ ಸುಲಭ. ಏನೂ ತೊಂದರೆಯಿಲ್ಲ ಎಂದೆ. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ‘ಹಾಗಾದ್ರೆ ಯಾವುದರಿಂದ ತೊಂದ್ರೆ?’ ಎಂದರು. ಅದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟವರಿನ ವಿಷಯ. ಮೊಬೈಲ್ ಟವರು ಸೂಸುವ ರೇಡಿಯೊ ತರಂಗಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ಕಸುವಿಲ್ಲ. ಕಲ್ಲಿನಿಂದ, ಆಕಾಶದಿಂದ, ಗಾಳಿಯಿಂದ ಬರುವ ವಿಕಿರಣಕ್ಕೆ ಆ ಕಸುವಿದೆ. ಹಾಗಾಗಿಯೇ ಅದು ಜೀವಕೋಶದ ಡಿಎನ್ಎಯನ್ನು ಮುರಿಯಬಲ್ಲದು, ಹಾಗಾಗಿಯೇ ಅದನ್ನು ಅಳೆಯಬೇಕು. ಎರಡಕ್ಕೂ ನಾವು ‘ರೇಡಿಯೇಷನ್’ ಎಂಬ ಒಂದೇ ಮಾತು ಬಳಸುವುದರಿಂದ, ಭಯಪಡಬೇಕಾದ ಕಡೆ ಭಯಪಡದೆ ಬೇರೆಲ್ಲೋ ಭಯಪಡುವಂತಾಗಿದೆ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಬಗೆಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಇಂಥ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಎಂಬ ಮೂರು ವಿಕಿರಣಶೀಲ ಧಾತುಗಳು ಚೂರುಚೂರಾಗಿ ಬೆರೆತಿರುತ್ತವೆ. ಯುರೇನಿಯಂನ ಅರ್ಧಾಯು, ಅಂದರೆ ಇದ್ದುದರಲ್ಲಿ ಅರ್ಧ ಒಡೆಯಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಥೋರಿಯಂನದು 1,400 ಕೋಟಿ ವರ್ಷ. ಲೆಕ್ಕ ಹಾಕಿದರೆ, ಬಂಡೆ ಗಟ್ಟಿಯಾದ ದಿನ ಅದರಲ್ಲಿದ್ದ ಯುರೇನಿಯಂನ ಅರ್ಧಕ್ಕೂ ಹೆಚ್ಚು ಪಾಲು ಇನ್ನೂ ಒಡೆಯದೆ ಉಳಿದಿದೆ. ಪೊಟ್ಯಾಸಿಯಂ-40ರ ಅರ್ಧಾಯು 125 ಕೋಟಿ ವರ್ಷ ಮಾತ್ರ. ಅದರಲ್ಲಿ ಉಳಿದಿರುವುದು ಸುಮಾರು ಐದರಲ್ಲೊಂದು ಪಾಲು. ಬೆಂಗಳೂರಿನ ಮನೆಗಳ ಸೈಜುಗಲ್ಲಿನ ಪಾಯ, ಹಳೆಯ ಪೇಟೆಗಳ ಚಪ್ಪಡಿ, ಕಾಂಕ್ರೀಟಿನ ಜಲ್ಲಿ, ಈಗ ಹೊಳೆ ಮರಳಿನ ಜಾಗಕ್ಕೆ ಬಂದಿರುವ ಎಂ-ಸ್ಯಾಂಡ್ ಎಲ್ಲವೂ ಇಂಥದೇ ಶಿಲೆಯನ್ನು ಒಡೆದು ಮಾಡಿದವು. ನೈರುತ್ಯಕ್ಕೆ ಹೋದರೆ ರಾಮನಗರದ ಬೆಟ್ಟಗಳು. ಅಲ್ಲಿನ ಕ್ಲೋಸ್‌ಪೇಟ್ ಗ್ರಾನೈಟ್ ಲಾಲ್‌ಬಾಗಿನ ಶಿಲೆಗಿಂತ ಸುಮಾರು 50 ಕೋಟಿ ವರ್ಷ ಚಿಕ್ಕದು, ಗುಲಾಬಿ ಬಣ್ಣದ್ದು, ಪೊಟ್ಯಾಸಿಯಂ ಧಾರಾಳವಾಗಿರುವಂಥದು.

ಟಿಕ್ ಸದ್ದಿನ ಲೆಕ್ಕ

ನನ್ನ ಕೈಯಲ್ಲಿದ್ದದ್ದು ಗೀಗರ್ ಯಂತ್ರ. ಅದರ ಹೊಟ್ಟೆಯಲ್ಲಿ ಕಿರುಬೆರಳಿನಷ್ಟು ದಪ್ಪದ ಒಂದು ಕೊಳವೆ, ಕೊಳವೆಯೊಳಗೆ ತೆಳುವಾಗಿ ತುಂಬಿದ ಅನಿಲ, ನಡುವೆ ಒಂದು ತಂತಿ, ತಂತಿಗೂ ಗೋಡೆಗೂ ಮಧ್ಯೆ ಸುಮಾರು 400 ವೋಲ್ಟ್. ಕಿರಣವೊಂದು ಹಾದುಹೋದರೆ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ. ಅದು ಓಡುತ್ತಾ ಇನ್ನಷ್ಟನ್ನು ಕಳಚುತ್ತದೆ. ಕ್ಷಣಮಾತ್ರದಲ್ಲಿ ಒಂದು ವಿದ್ಯುತ್ ಮಿಡಿತ, ಅದೇ ಟಿಕ್. ಹಾನ್ಸ್ ಗೀಗರ್ ಇದರ ಮೊದಲ ರೂಪವನ್ನು 1908ರಲ್ಲಿ ರದರ್‌ಫರ್ಡ್ ಜೊತೆ ಕೆಲಸ ಮಾಡುವಾಗ ಕಟ್ಟಿದರು. 1928ರಲ್ಲಿ ತಮ್ಮ ವಿದ್ಯಾರ್ಥಿ ವಾಲ್ಟರ್ ಮ್ಯೂಲರ್ ಜೊತೆ ಸೇರಿ ಈಗಿನ ರೂಪಕ್ಕೆ ತಂದರು.

ಈಗ ಇಂಥ ಯಂತ್ರಗಳು ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತವೆ. ಕೊಂಡವರು ಮೊದಲು ಎಡವುವುದು ಒಂದೇ ಕಡೆ. ಪರದೆಯ ಮೇಲಿನ ಅಂಕಿ ಒಮ್ಮೆ ನೆಗೆದರೆ ಏನೋ ಆಗಿಹೋಯಿತು ಎಂದುಕೊಳ್ಳುತ್ತಾರೆ. ಪರಮಾಣು ಒಡೆಯುವುದಕ್ಕೆ ಗಡಿಯಾರವಿಲ್ಲ. ನಿಮಿಷಕ್ಕೆ ಸರಾಸರಿ 25 ಟಿಕ್ ಬರುವ ಜಾಗದಲ್ಲಿ ಒಂದು ನಿಮಿಷ 19 ಬರಬಹುದು, ಮುಂದಿನ ನಿಮಿಷ 32. ಏನೂ ಬದಲಾಗಿರುವುದಿಲ್ಲ. 25ರ ವರ್ಗಮೂಲ 5, ಅಂದರೆ ಒಂದು ನಿಮಿಷದ ಎಣಿಕೆಯಲ್ಲಿ ಶೇ 20ರಷ್ಟು ಏರಿಳಿತ ಸಹಜ. ಹತ್ತು ನಿಮಿಷ ಎಣಿಸಿದರೆ 250 ಟಿಕ್, ಅದರ ವರ್ಗಮೂಲ ಸುಮಾರು 16. ಏರಿಳಿತ ಶೇ 6ಕ್ಕೆ ಇಳಿಯಿತು. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಕನಿಷ್ಠ ಹತ್ತು ನಿಮಿಷ ಎಣಿಸಿ, ಕೆಳಗೆ ಮಣ್ಣೋ ಡಾಂಬರೋ ಕಲ್ಲೋ, ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನೂ ಬರೆದಿಟ್ಟುಕೊಂಡರೆ ಮಾತ್ರ ಆ ಅಂಕಿಗೆ ಅರ್ಥ. ತಾಳ್ಮೆಯಿಲ್ಲದವರಿಗೆ ಈ ಯಂತ್ರ ಬರೀ ದಿಗಿಲು ಕೊಡುತ್ತದೆ.

ಹೀಗೆ ಊರೆಲ್ಲ ಅಳೆಯುತ್ತಾ ಹೋದರೆ ಬೆಂಗಳೂರು ಬೇರೆಯೇ ರೀತಿ ಕಾಣಿಸುತ್ತದೆ. ಕಬ್ಬನ್ ಪಾರ್ಕಿನ ಹುಲ್ಲುಹಾಸಿನ ಮೇಲೆ ಇದ್ದುದಕ್ಕಿಂತ ಬ್ಯೂಗಲ್ ರಾಕಿನ ಮೇಲೆ ಎಣಿಕೆ ಜಾಸ್ತಿ. ಕೆರೆಯ ನಡುವೆ ದೋಣಿಯಲ್ಲಿ ಕುಳಿತರೆ ತೀರಾ ಕಡಿಮೆ, ಏಕೆಂದರೆ ನೆಲದಿಂದ ಬರುವ ಗಾಮಾ ಕಿರಣವನ್ನು ಕಾಲ ಕೆಳಗಿನ ನೀರೇ ತಡೆದುಬಿಡುತ್ತದೆ. ಗ್ರಾನೈಟ್ ಗೋಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಮತ್ತೆ ಏರುತ್ತದೆ. ಬಯಲಿನಲ್ಲಿ ಕೆಳಗಿನಿಂದ ಮಾತ್ರ ಬರುವುದು ಅಲ್ಲಿ ಎರಡೂ ಪಕ್ಕದಿಂದ ಬರುತ್ತದೆ. ಮನೆಯೊಳಗೂ ಅದೇ ಕಾರಣ. ಜಗತ್ತಿನ ಸರಾಸರಿ ತೆಗೆದರೆ ನೆಲ ಮತ್ತು ಗೋಡೆಗಳ ಗಾಮಾ ವಿಕಿರಣ ಹೊರಗಿಗಿಂತ ಮನೆಯೊಳಗೆ ಸುಮಾರು 1.4 ಪಟ್ಟು.

ಮಳೆ ಬಂದ ದಿನ ಇನ್ನೊಂದು ನೋಟ. ಬೇಸಿಗೆಯ ಸಂಜೆ ಜೋರು ಮಳೆ ಸುರಿದು ನಿಂತ ಕೂಡಲೇ ಕಾರಿನ ಬಾನೆಟ್ಟನ್ನು ಒಂದು ಕಾಗದದ ಕರವಸ್ತ್ರದಿಂದ ಒರೆಸಿ, ಅದನ್ನು ಮಡಿಚಿ ಯಂತ್ರದ ಕೊಳವೆಗೆ ಒತ್ತಿಹಿಡಿದರೆ ಟಿಕ್ ಸದ್ದು ಎದ್ದು ಕೇಳುವಷ್ಟು ಬಿರುಸಾಗುತ್ತದೆ. ನನ್ನ ಮಗಳು ಮೊದಲ ಸಲ ಇದನ್ನು ಕೇಳಿದಾಗ ಕೈ ಹಿಂದಕ್ಕೆಳೆದುಕೊಂಡಿದ್ದಳು. ಅಲ್ಲೇ ಕೂತು ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಾ ಹೋದೆವು. ಸುಮಾರು ಅರ್ಧ ಗಂಟೆಗೆ ಹೆಚ್ಚುವರಿ ಎಣಿಕೆ ಅರ್ಧಕ್ಕಿಳಿಯಿತು, ರಾತ್ರಿ ಊಟದ ಹೊತ್ತಿಗೆ ಪೂರ್ತಿ ಇಳಿದಿತ್ತು. ಮಳೆಹನಿ ಗಾಳಿಯಿಂದ ತೊಳೆದು ತಂದದ್ದು ಸೀಸ-214, ಬಿಸ್ಮತ್-214. ಅವುಗಳ ಅರ್ಧಾಯು ಕ್ರಮವಾಗಿ ಸುಮಾರು 27 ಮತ್ತು 20 ನಿಮಿಷ. ಎರಡೂ ಹುಟ್ಟುವುದು ರೇಡಾನ್ ಎಂಬ ಅನಿಲದಿಂದ. ಅದರ ಕಥೆ ಮುಂದಿದೆ, ಈ ಬರಹದ ತಿರುಳೂ ಅದೇ.

ಆಕಾಶದ ಪಾಲನ್ನು ಬೇಗ ಹೇಳಿಬಿಡುತ್ತೇನೆ. 1912ರ ಆಗಸ್ಟ್ 7ರಂದು ವಿಕ್ಟರ್ ಹೆಸ್ ಬಲೂನಿನಲ್ಲಿ 5,300 ಮೀಟರ್ ಎತ್ತರಕ್ಕೆ ಹೋಗಿ, ಮೇಲೇರಿದಂತೆ ವಿಕಿರಣ ಹೆಚ್ಚುತ್ತದೆಂದು ತೋರಿಸಿದರು. ವಿಶ್ವಕಿರಣಗಳು ಪತ್ತೆಯಾದದ್ದು ಹಾಗೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಮಂಗಳೂರಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ದೆಹಲಿಯ ವಿಮಾನದಲ್ಲಿ ಕುಳಿತು ಯಂತ್ರ ಹಾಕಿದರೆ ನೆಲದ ಮೇಲಿನ ಎಣಿಕೆಯ ಹತ್ತಾರು ಪಟ್ಟು ತೋರಿಸುತ್ತದೆ. ಇದಕ್ಕೆ ತದ್ವಿರುದ್ಧವಾದ ಜಾಗವೂ ನಮ್ಮಲ್ಲೇ ಇತ್ತು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೊಮೀಟರಿಗೂ ಆಳದಲ್ಲಿ ವಿಶ್ವಕಿರಣ ಹೆಚ್ಚುಕಡಿಮೆ ಅಡಗಿಹೋಗುತ್ತದೆ. ಆ ನಿಶ್ಶಬ್ದದಲ್ಲಿಯೇ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್ಆರ್) ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳ ಜೊತೆ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದರು. ವಿಶ್ವಕಿರಣ ತಗ್ಗಿದ ಜಾಗ ಹುಡುಕಿಕೊಂಡು ಜಗತ್ತು ಕೆಜಿಎಫ್‌ಗೆ ಬಂದಿತ್ತು ಎಂಬುದು ನಾವು ಮಕ್ಕಳಿಗೆ ಹೇಳಬೇಕಾದ ಸಂಗತಿ.

ನಮ್ಮ ಮೈಯೂ ಈ ಲೆಕ್ಕದಿಂದ ಹೊರಗಿಲ್ಲ. 70 ಕಿಲೊ ತೂಕದ ಮನುಷ್ಯನ ದೇಹದಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿನ ಪೊಟ್ಯಾಸಿಯಂ-40ರಿಂದಾಗಿಯೇ ಪ್ರತಿ ಸೆಕೆಂಡಿಗೆ 4,000ಕ್ಕೂ ಹೆಚ್ಚು ಪರಮಾಣುಗಳು ಒಳಗೆ ಒಡೆಯುತ್ತಿರುತ್ತವೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್. ಒಡೆದದ್ದರಿಂದ ಮೈಗೆ ತಾಗುವ ಪೆಟ್ಟನ್ನು ಅಳೆಯುವುದು ಸೀವರ್ಟ್‌ನಲ್ಲಿ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ 2008ರ ವರದಿಯ ಅಂದಾಜಿನಂತೆ ನಿಸರ್ಗದಿಂದ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ. ನೆಲ ಮತ್ತು ಗೋಡೆಗಳಿಂದ ಸುಮಾರು 0.5, ಆಕಾಶದಿಂದ ಸುಮಾರು 0.4, ಅನ್ನ ನೀರಿನಿಂದ ಸುಮಾರು 0.3. ಇವನ್ನೆಲ್ಲ ಕೂಡಿದರೂ 1.2 ಆಗುತ್ತದೆ. ಉಳಿದ ಅರ್ಧ, 1.2ರಷ್ಟು, ಉಸಿರಾಡುವ ಗಾಳಿಯಲ್ಲಿನ ರೇಡಾನ್ ಮತ್ತು ಅದರ ಸಂತತಿಯಿಂದ.

ಮರಳಿನ ಸಾಕ್ಷ್ಯ

ಬಂಡೆಯ ಮೇಲೆ ಕುಳಿತ ಹಿರಿಯರಿಗೆ ‘ತೊಂದರೆಯಿಲ್ಲ’ ಎಂದು ಹೇಳಲು ನನಗೆ ಧೈರ್ಯ ಕೊಟ್ಟದ್ದು ಕೇರಳದ ಕಡಲತೀರ. ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಇದೆ. ಕೆಲವು ಕಡೆ ವರ್ಷಕ್ಕೆ 70 ಮಿಲಿಗ್ರೇವರೆಗೆ ಗಾಮಾ ವಿಕಿರಣ ಅಳೆಯಲಾಗಿದೆ, ಗಾಮಾ ಕಿರಣದ ಮಟ್ಟಿಗೆ ಮಿಲಿಗ್ರೇ ಮತ್ತು ಮಿಲಿಸೀವರ್ಟ್ ಹತ್ತಿರ ಹತ್ತಿರದ ಅಂಕಿಗಳು. ಅಲ್ಲಿ ತಲೆಮಾರುಗಳಿಂದ ಜನ ಬದುಕಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಮನೆಮನೆಗೆ ಹೋಗಿ ಅಳೆದು, 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದರು. 2005ರ ಕೊನೆಗೆ ಅವರಲ್ಲಿ 1,379 ಜನರಿಗೆ ಕ್ಯಾನ್ಸರ್ ಬಂದಿತ್ತು. ಹೆಚ್ಚು ವಿಕಿರಣ ತಾಗಿದವರಲ್ಲಿ ಕ್ಯಾನ್ಸರ್ ಹೆಚ್ಚಾಗಿದೆಯೇ ಎಂದು ನೋಡಿದರೆ, ಹಾಗೆ ಕಾಣಲಿಲ್ಲ. ಈ ವರದಿ 2009ರಲ್ಲಿ ಪ್ರಕಟವಾಯಿತು.

ಅಂಥದೇ ಮರಳು ನಮ್ಮ ಉಳ್ಳಾಲದಲ್ಲೂ ಇದೆ. ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1993ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಸಮುದ್ರ ತಂದು ಹಾಕಿದ ಕಪ್ಪು ಮರಳಿನ ಪಟ್ಟೆಯಲ್ಲಿ ಗಂಟೆಗೆ ಸುಮಾರು 2,000 ನ್ಯಾನೊಗ್ರೇವರೆಗೂ ಅಂಕಿ ಏರುವುದನ್ನು ಅವರು ಕಂಡರು. ಅದೇ ದಂಡೆಯಲ್ಲಿ ಸ್ವಲ್ಪ ದೂರ ನಡೆದರೆ 50ರ ಆಸುಪಾಸು.

ಕೇರಳದ ಅಧ್ಯಯನ ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹಾಕಬಾರದು. ಅಮೆರಿಕ, ಬ್ರಿಟನ್, ಫ್ರಾನ್ಸಿನ 3 ಲಕ್ಷಕ್ಕೂ ಹೆಚ್ಚು ಪರಮಾಣು ಉದ್ಯಮದ ನೌಕರರನ್ನು ದಶಕಗಳ ಕಾಲ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಕಡಿಮೆ ಪ್ರಮಾಣದ ವಿಕಿರಣಕ್ಕೂ ಸ್ವಲ್ಪ ಮಟ್ಟಿಗೆ ಕ್ಯಾನ್ಸರ್ ಹೆಚ್ಚುವುದು ಕಂಡಿದೆ. ವಿಕಿರಣ ಎಷ್ಟೇ ಕಡಿಮೆಯಾದರೂ ಅಪಾಯ ಸೊನ್ನೆಯಲ್ಲ ಎಂದಿಟ್ಟುಕೊಂಡೇ ಕಾನೂನು ಮಾಡುವುದು ವಿವೇಕ. ಆದರೆ ಬೆಂಗಳೂರಿನ ಬಂಡೆ, ಫುಟ್‌ಪಾತಿನ ಚಪ್ಪಡಿ, ಅಡುಗೆ ಮನೆಯ ಗ್ರಾನೈಟ್ ಇವುಗಳ ಗಾಮಾ ಕಿರಣ ಕರುನಾಗಪಳ್ಳಿಯ ಮುಂದೆ ಬಲು ಚಿಕ್ಕದು. ನಮ್ಮ ಚಿಕ್ಕಮ್ಮ ವಾಟ್ಸ್ಆ್ಯಪಿನಲ್ಲಿ ಬಂದ ವಿಡಿಯೊ ನೋಡಿ, ‘ಅಲ್ವೋ, ಗ್ರಾನೈಟ್ ಕಟ್ಟೆ ಮೇಲೆ ಅಡುಗೆ ಮಾಡಿದ್ರೆ ಕ್ಯಾನ್ಸರ್ ಬರುತ್ತಂತೆ, ಒಡೆಸಿಬಿಡ್ಲಾ?’ ಎಂದು ಫೋನು ಮಾಡಿದ್ದರು. ಯಂತ್ರ ತೆಗೆದುಕೊಂಡು ಹೋಗಿ, ಕಟ್ಟೆಯ ಮೇಲೆ ಹತ್ತು ನಿಮಿಷ, ನಡುಮನೆಯಲ್ಲಿ ಹತ್ತು ನಿಮಿಷ ಎಣಿಸಿ ತೋರಿಸಿದೆ. ವ್ಯತ್ಯಾಸ ಏರಿಳಿತದೊಳಗೇ ಮುಚ್ಚಿಹೋಯಿತು. ‘ಒಡೆಸಬೇಡಿ ಚಿಕ್ಕಮ್ಮ, ಆ ದುಡ್ಡಲ್ಲಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ’ ಎಂದೆ. ಕಿಟಕಿಗೂ ಇದಕ್ಕೂ ಏನು ಸಂಬಂಧ ಎಂದು ಅವರೂ ಕೇಳಿದರು.

ಯಂತ್ರಕ್ಕೆ ಕೇಳಿಸದ ಅನಿಲ

1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಲಿಮರಿಕ್ ಪರಮಾಣು ವಿದ್ಯುತ್ ಸ್ಥಾವರ ಕಟ್ಟಿ ಮುಗಿಯುತ್ತಿತ್ತು, ವಿದ್ಯುತ್ ಉತ್ಪಾದನೆ ಇನ್ನೂ ಶುರುವಾಗಿರಲಿಲ್ಲ. ಅಲ್ಲಿನ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕೆಲಸ ಮುಗಿಸಿ ಹೊರಡುವಾಗ ಬಾಗಿಲಿನ ವಿಕಿರಣ ಪತ್ತೆ ಯಂತ್ರ ಕೂಗಿಕೊಳ್ಳುತ್ತಿತ್ತು. ದಿನವೂ ಅದೇ. ಒಂದು ಬೆಳಗ್ಗೆ ಅವರು ಸ್ಥಾವರದೊಳಕ್ಕೆ ಹೋಗದೆ ನೇರವಾಗಿ ಆ ಯಂತ್ರದ ಮುಂದೆ ನಿಂತರು. ಆಗಲೂ ಕೂಗಿತು. ವಿಕಿರಣ ಸ್ಥಾವರದಿಂದ ಮನೆಗೆ ಹೋಗುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ಬರುತ್ತಿತ್ತು. ಅವರ ಮನೆಯ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 1 ಲಕ್ಷ ಬೆಕ್ವೆರೆಲ್ ರೇಡಾನ್ ಸಿಕ್ಕಿತು. ಜಗತ್ತಿನ ಮನೆಗಳ ಸರಾಸರಿ 40ರ ಆಸುಪಾಸು. ಮನುಷ್ಯರ ವಾಸದ ಮನೆಯೊಂದರಲ್ಲಿ ಇಷ್ಟು ರೇಡಾನ್ ಇರಬಹುದೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಕುಟುಂಬ ಮನೆ ಖಾಲಿ ಮಾಡಿತು. ನೆಲದಡಿಯ ಗಾಳಿಯನ್ನು ಕೊಳವೆ ಹಾಕಿ ಹೊರಕ್ಕೆ ಸೆಳೆದ ಮೇಲೆ ಅದೇ ಮನೆಗೆ ವಾಪಸು ಬಂದಿತು.

ಯುರೇನಿಯಂ ಒಡೆದೊಡೆದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಈ ಸರಪಳಿಯ ಮಿಕ್ಕ ಧಾತುಗಳೆಲ್ಲ ಘನವಸ್ತುಗಳು, ಹುಟ್ಟಿದ ಕಲ್ಲಿನಲ್ಲೇ ಉಳಿಯುತ್ತವೆ. ರೇಡಾನ್ ಒಂದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಯಾವುದರ ಜೊತೆಗೂ ಸೇರುವುದಿಲ್ಲ. 3.8 ದಿನದ ಅರ್ಧಾಯುವಿನಲ್ಲಿ ಕಲ್ಲಿನ ಸೀಳು, ಮಣ್ಣಿನ ಸಂದು ಹಿಡಿದು ಮೇಲಕ್ಕೆ ಬರಲು ಅದಕ್ಕೆ ಸಮಯ ಸಿಗುತ್ತದೆ. ಬಯಲಿಗೆ ಬಂದರೆ ಗಾಳಿಯಲ್ಲಿ ಚದುರಿಹೋಗುತ್ತದೆ. ಮನೆಯ ನೆಲದ ಬಿರುಕಿನಿಂದ, ಪೈಪು ಹಾದುಹೋದ ರಂಧ್ರದಿಂದ ಒಳಗೆ ಬಂದರೆ, ಬಾಗಿಲು ಕಿಟಕಿ ಮುಚ್ಚಿದ್ದರೆ, ಅಲ್ಲೇ ಕೂಡಿಕೊಳ್ಳುತ್ತದೆ.

ಉಸಿರಿನ ಜೊತೆ ಒಳಕ್ಕೆ ಹೋದ ರೇಡಾನ್ ಬಹುಪಾಲು ಹಾಗೆಯೇ ಹೊರಗೆ ಬರುತ್ತದೆ. ಕೆಡುಕು ಮಾಡುವುದು ಅದು ಒಡೆದು ಹುಟ್ಟುವ ಪೊಲೋನಿಯಂ. ಅದು ಘನವಸ್ತು, ದೂಳಿಗೆ ಅಂಟಿಕೊಂಡು ಶ್ವಾಸನಾಳದ ಒಳಮೈಯಲ್ಲಿ ಕೂರುತ್ತದೆ, ಅಲ್ಲೇ ಒಡೆದು ಆಲ್ಫಾ ಕಣ ಹೊಡೆಯುತ್ತದೆ. ಆಲ್ಫಾ ಕಣ ಮಾಂಸದಲ್ಲಿ ಒಂದು ತಲೆಗೂದಲಿನ ದಪ್ಪದಷ್ಟು ದೂರವೂ ಹೋಗುವುದು ಕಷ್ಟ. ಹೊರಗಿದ್ದರೆ ನಮ್ಮ ಚರ್ಮದ ಸತ್ತ ಪದರವೇ ಅದನ್ನು ತಡೆಯುತ್ತದೆ. ಒಳಗೆ ಆ ಪದರವಿಲ್ಲ. ಅಷ್ಟು ಗಿಡ್ಡ ದಾರಿಯಲ್ಲಿ ತನ್ನೆಲ್ಲ ಶಕ್ತಿಯನ್ನು ಸುರಿಯುವುದರಿಂದಲೇ ಅದು ಡಿಎನ್ಎಗೆ ಮಾಡುವ ಗಾಯ ಜೋಡಿಸಲು ಕಷ್ಟವಾದಂಥದು.

ಇನ್ನೊಂದು ಮಾತನ್ನು ಗೀಗರ್ ಯಂತ್ರ ಕೊಂಡವರೆಲ್ಲ ಕೇಳಿಸಿಕೊಳ್ಳಬೇಕು. ಸಾಮಾನ್ಯ ಗೀಗರ್ ಕೊಳವೆಯ ಗೋಡೆಯನ್ನು ಆಲ್ಫಾ ಕಣ ದಾಟಲಾರದು. ರೇಡಾನ್ ತುಂಬಿದ ಕೋಣೆಯಲ್ಲೂ ಆ ಯಂತ್ರದ ಅಂಕಿ ಎಂದಿನಂತೆಯೇ ಕಾಣಬಹುದು. ನಾವು ಅಂಗೈಯಲ್ಲಿಟ್ಟುಕೊಂಡು ಊರು ಸುತ್ತುವ ಯಂತ್ರ ನಮಗೆ ಅಷ್ಟೇನೂ ಕೇಡು ಮಾಡದ್ದನ್ನು ಚೆನ್ನಾಗಿ ಅಳೆಯುತ್ತದೆ, ನಿಜವಾಗಿ ಗಮನ ಬೇಡುವುದನ್ನು ಅಳೆಯುವುದಿಲ್ಲ.

ರೇಡಾನ್ ಮನೆಯಲ್ಲಿದೆ ಎಂದು ಕಣ್ಣಾರೆ ನೋಡಬೇಕೆಂದರೆ ಒಂದು ಬಲೂನು ಸಾಕು. ಊದಿ, ಉಣ್ಣೆಯ ಸ್ವೆಟರಿಗೆ ಚೆನ್ನಾಗಿ ಉಜ್ಜಿ, ಮುಚ್ಚಿದ ಕೋಣೆಯಲ್ಲಿ ಮುಕ್ಕಾಲು ಗಂಟೆ ತೂಗುಹಾಕಬೇಕು. ಉಜ್ಜಿದ ಬಲೂನು ದೂಳನ್ನು ಸೆಳೆದುಕೊಳ್ಳುತ್ತದೆ, ದೂಳಿನ ಜೊತೆ ರೇಡಾನಿನ ಸಂತತಿಯೂ ಬರುತ್ತದೆ. ಗಾಳಿ ಬಿಟ್ಟು, ಸುಕ್ಕಿದ ರಬ್ಬರನ್ನು ಯಂತ್ರಕ್ಕೆ ತಾಗಿಸಿದರೆ ಎಣಿಕೆ ಏರುತ್ತದೆ. ಹೈಸ್ಕೂಲಿನ ಮಕ್ಕಳು ಮಾಡಬಹುದಾದ ಪ್ರಯೋಗ. ಆದರೆ ಇದು ಇದೆಯೋ ಇಲ್ಲವೋ ಎಂದು ತೋರಿಸುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ.

ಎಷ್ಟಿದೆ ಎಂದು ತಿಳಿಯಲು ನಮ್ಮ ದೇಶದ ಪ್ರಯೋಗಾಲಯಗಳು ಬಹುಕಾಲ ನೆಚ್ಚಿಕೊಂಡದ್ದು ಎಲ್ಆರ್-115 ಎಂಬ ಕೆಂಪು ಫಿಲಂ. ಅಂಚೆಚೀಟಿಯಷ್ಟು ಅಗಲದ ತುಂಡನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಅಂಟಿಸಿ, ಮಲಗುವ ಕೋಣೆಯಲ್ಲಿ ಗೋಡೆಯಿಂದ ದೂರ ಮೂರು ತಿಂಗಳು ನೇತುಹಾಕುತ್ತಾರೆ. ಡಬ್ಬಿಯೊಳಗೆ ರೇಡಾನ್ ಒಡೆದಾಗ ಹೊಮ್ಮುವ ಆಲ್ಫಾ ಕಣಗಳಲ್ಲಿ ಕೆಲವು ಫಿಲಂಗೆ ಬಡಿದು, ಕಣ್ಣಿಗೆ ಕಾಣದ ಗೀರು ಬಿಡುತ್ತವೆ. ತೊಂಬತ್ತು ದಿನ ಕಳೆದ ಮೇಲೆ ಅದನ್ನು ತಂದು 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡ ದ್ರಾವಣದಲ್ಲಿ ಒಂದೂವರೆ ಗಂಟೆ ಅದ್ದಿಡುತ್ತಾರೆ. ಗೀರುಗಳು ಕೊರೆದುಕೊಂಡು ಸಣ್ಣ ತೂತುಗಳಾಗುತ್ತವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಕೆಂಪು ಹಿನ್ನೆಲೆಯಲ್ಲಿ ಬೆಳಕಿನ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಆ ಕೋಣೆಯಲ್ಲಿ ಯಾರೋ ಮಲಗಿದ್ದಾಗ ಒಡೆದ ಒಂದೊಂದು ಪರಮಾಣು. ವಿದ್ಯುತ್ತೂ ಬೇಡ, ಸದ್ದೂ ಇಲ್ಲ, ಆದರೆ ಮನೆಯ ಉಸಿರನ್ನು ಇದು ಬರೆದುಕೊಳ್ಳುವಷ್ಟು ನಿಷ್ಠೆಯಿಂದ ಬೇರೇನೂ ಬರೆದುಕೊಳ್ಳಲಾರದು ಎಂದು ನನಗನ್ನಿಸುತ್ತದೆ. ಮೂರು ತಿಂಗಳು ಯಾಕೆ ಎಂದರೆ ರೇಡಾನ್ ಗಂಟೆಗಂಟೆಗೂ ಬದಲಾಗುತ್ತದೆ. ಗಾಳಿ ಅಲುಗಾಡದ ಬೆಳಗಿನ ಜಾವ ಏರುತ್ತದೆ, ಬಿಸಿಲೇರಿ ಗಾಳಿ ಕಲಕಿದ ಮಧ್ಯಾಹ್ನ ಇಳಿಯುತ್ತದೆ. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ತಮ್ಮ ಊರಿನ ಗಾಳಿಯಲ್ಲಿ ಇದೇ ಏರಿಳಿತವನ್ನು ವರ್ಷಗಟ್ಟಲೆ ಗಮನಿಸಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಾತು: ಮನೆಯಲ್ಲಿ ರೇಡಾನ್ ಘನ ಮೀಟರಿಗೆ 100 ಬೆಕ್ವೆರೆಲ್ ದಾಟದಿರಲಿ, ಆಗದಿದ್ದರೆ 300ನ್ನಂತೂ ದಾಟಬಾರದು. ದೇಶದಿಂದ ದೇಶಕ್ಕೆ ಶ್ವಾಸಕೋಶ ಕ್ಯಾನ್ಸರಿನ ಶೇ 3ರಿಂದ 14ರಷ್ಟು ಪ್ರಕರಣಗಳಿಗೆ ರೇಡಾನ್ ಕಾರಣ ಎಂದೂ ಅದು ಅಂದಾಜಿಸಿದೆ. ಇದರ ಹಿಂದಿನ ಬಲವಾದ ಆಧಾರ 2005ರಲ್ಲಿ ಪ್ರಕಟವಾದ ಯುರೋಪಿನ 13 ಅಧ್ಯಯನಗಳ ಒಟ್ಟು ವಿಶ್ಲೇಷಣೆ. ಅದರ ಅಂಕಿಗಳನ್ನು ಸಾವಿರ ಜನರ ಲೆಕ್ಕದಲ್ಲಿ ಹೇಳುತ್ತೇನೆ. ಎಂದೂ ಸಿಗರೇಟು ಸೇದದ ಸಾವಿರ ಜನ ರೇಡಾನ್ ಇಲ್ಲದ ಮನೆಯಲ್ಲಿದ್ದರೆ 75 ವರ್ಷದೊಳಗೆ ಶ್ವಾಸಕೋಶ ಕ್ಯಾನ್ಸರ್ ಬರುವುದು ಸುಮಾರು 4 ಜನರಿಗೆ. ರೇಡಾನ್ 100 ಇದ್ದರೆ 5 ಜನರಿಗೆ, 400 ಇದ್ದರೆ 7 ಜನರಿಗೆ. ಸಿಗರೇಟು ಸೇದುವ ಸಾವಿರ ಜನರಲ್ಲಿ ಇದೇ ಲೆಕ್ಕ 100, 120, 160. ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ರೇಡಾನಿನಿಂದ ಸಾಯುವವರಲ್ಲಿ ಬಹುಪಾಲು ಜನ ಬೀಡಿ, ಸಿಗರೇಟು ಸೇದುವವರು. ಎರಡು ಕೆಡುಕೂ ಒಂದನ್ನೊಂದು ಹಿಗ್ಗಿಸುತ್ತವೆ.

ಹಳೆಯ ತೊಟ್ಟಿ ಮನೆಯಲ್ಲಿ ಆಕಾಶಕ್ಕೆ ತೆರೆದ ಅಂಗಳವಿತ್ತು, ಹೆಂಚಿನ ಮನೆಯ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಕಾಳಜಿ ಬೇಕಾಗಿರುವುದು ಇವತ್ತಿನ 20×30 ಅಡಿ ನಿವೇಶನದ ನೆಲಮಹಡಿಗಳಿಗೆ. ಮೂರು ಕಡೆ ಪಕ್ಕದ ಮನೆಯ ಗೋಡೆ, ಇರುವ ಒಂದು ಕಿಟಕಿಯನ್ನೂ ಸೊಳ್ಳೆ ಕಾಟಕ್ಕೆ ಸಂಜೆ ಐದೂವರೆಗೇ ಮುಚ್ಚುತ್ತಾರೆ, ಬೆಳಗ್ಗೆ ಚಳಿ ಎಂದು ಏಳರವರೆಗೆ ತೆಗೆಯುವುದಿಲ್ಲ. ರೇಡಾನ್ ಏರುವ ಹೊತ್ತೂ ಅದೇ, ನಾವು ಮಲಗುವ ಹೊತ್ತೂ ಅದೇ. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿರುವವರಿಗೆ ನೆಲದ ರೇಡಾನ್ ಅಷ್ಟಾಗಿ ತಲುಪುವುದಿಲ್ಲ. ನೆಲಮಾಳಿಗೆಯ ಪಾರ್ಕಿಂಗ್ ಪಕ್ಕದ ಕೋಣೆಯಲ್ಲಿ ಮಲಗುವ ವಾಚ್‌ಮನ್ ಕುಟುಂಬಕ್ಕೆ ತಲುಪುತ್ತದೆ. ಅವರನ್ನು ಕೇಳುವವರು ಯಾರೂ ಇಲ್ಲ ಎಂಬುದೇ ನನ್ನ ದೊಡ್ಡ ಸಂಕಟ.

ಕೊಳವೆಬಾವಿಯ ನೀರಿನ ಕಡೆಯಿಂದಲೂ ರೇಡಾನ್ ಬರುತ್ತದೆ. ಬೆಂಗಳೂರಿನ ಅಂತರ್ಜಲದ ಬಗ್ಗೆ 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸೊಸೈಟಿಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೀಟರಿಗೆ ಸುಮಾರು 55 ಬೆಕ್ವೆರೆಲ್‌ನಿಂದ 1,100 ಮೀರಿದವರೆಗೂ ರೇಡಾನ್ ಸಿಕ್ಕಿದೆ. ಐರೋಪ್ಯ ಒಕ್ಕೂಟ ಕುಡಿಯುವ ನೀರಿಗೆ ಇಟ್ಟುಕೊಂಡ ಗುರುತು 100. ಲೀಟರಿಗೆ 1,000 ಬೆಕ್ವೆರೆಲ್ ಇರುವ ನೀರನ್ನು ಮನೆಯಲ್ಲಿ ಹಾಗೇ ಬಳಸಿದರೆ, ಸ್ನಾನ, ಬಟ್ಟೆ, ಪಾತ್ರೆ ಎಲ್ಲದರಿಂದ ಎದ್ದು ಮನೆಯ ಗಾಳಿಗೆ ಘನ ಮೀಟರಿಗೆ ಸುಮಾರು 100 ಬೆಕ್ವೆರೆಲ್ ಸೇರುತ್ತದೆ ಎಂಬುದು ರೂಢಿಯ ಲೆಕ್ಕ. ಸಮಾಧಾನದ ಸಂಗತಿಯೆಂದರೆ ರೇಡಾನ್ ನೀರನ್ನು ಬಿಟ್ಟುಹೋಗಲು ಕಾಯುತ್ತಿರುತ್ತದೆ. ಬೋರ್‌ವೆಲ್ ನೀರನ್ನು ಮೇಲಿನಿಂದ ಧುಮುಕಿಸಿ ಸಂಪಿಗೆ ಬಿಟ್ಟರೆ, ಟ್ಯಾಂಕಿನಲ್ಲಿ ಕೆಲವು ದಿನ ನಿಲ್ಲಿಸಿದರೆ, ಕುದಿಸಿದರೆ ಬಹುಪಾಲು ಹೊರಟುಹೋಗುತ್ತದೆ. ಸಂಪಿನ ಮೇಲೆ ಮಲಗುವ ಕೋಣೆ ಇಲ್ಲದಿದ್ದರೆ ಸಾಕು.

ಯುರೇನಿಯಂ ಹಾಗೆ ಹೋಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನು ಹಲವು ಕಡೆ ದಾಟಿದೆ. ಅದರ ಪೆಟ್ಟು ವಿಕಿರಣಕ್ಕಿಂತ ಹೆಚ್ಚಾಗಿ ವಿಷದ್ದು, ಬೀಳುವುದು ಮೂತ್ರಪಿಂಡಕ್ಕೆ. ಕುದಿಸಿದರೆ ನೀರು ಇಂಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಆರ್‌ಒ ಬೇಕು. ಬೆಂಗಳೂರಿನಲ್ಲಿ 2024ರ ಬೇಸಿಗೆ ನೆನಪಿದೆಯಲ್ಲ, ಸಾವಿರ ಅಡಿ ದಾಟಿ ಕೊರೆದು ಟ್ಯಾಂಕರಿಗೆ ತುಂಬಿದ ನೀರನ್ನು ಕುಡಿದವರು ಎಷ್ಟು ಜನ! ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸೀಳಿನಲ್ಲಿ ಹೆಚ್ಚು ಕಾಲ ನಿಂತಿರುತ್ತದೆ, ಕಲ್ಲಿನಲ್ಲಿರುವುದನ್ನು ಕರಗಿಸಿಕೊಂಡು ಬರುತ್ತದೆ. ಬಡಾವಣೆಯ ಬೋರ್‌ವೆಲ್ ನೀರಿನಲ್ಲಿ ಗಡಸುತನ, ನೈಟ್ರೇಟ್ ಪರೀಕ್ಷೆ ಮಾಡಿಸುವಾಗ ಯುರೇನಿಯಂ ಕೂಡ ನೋಡಿ ಎಂದು ಬರೆದುಕೊಡುವುದು ಅಸೋಸಿಯೇಷನ್ನುಗಳಿಗೆ ಒಂದು ಸಾಲಿನ ಕೆಲಸ.

ಬೆಂಗಳೂರಿಗೆ ವಾರ್ಡುವಾರು ರೇಡಾನ್ ನಕ್ಷೆ ಬೇಕು. ಇದು ಕೋಟಿಗಟ್ಟಲೆ ಖರ್ಚಿನ ಕೆಲಸವಲ್ಲ. ಪ್ರತಿ ವಾರ್ಡಿನಲ್ಲಿ ಐವತ್ತು ನೆಲಮಹಡಿ ಮನೆ, ಪ್ರತಿ ಮನೆಗೆ ಒಂದು ಡಬ್ಬಿ, ಮೂರು ತಿಂಗಳಿಗೊಂದರಂತೆ ವರ್ಷಕ್ಕೆ ನಾಲ್ಕು ಫಿಲಂ. ಡಬ್ಬಿ ನೇತುಹಾಕಿ ಬರಲು ಪದವಿ ಕಾಲೇಜುಗಳ ಭೌತವಿಜ್ಞಾನದ ವಿದ್ಯಾರ್ಥಿಗಳು ಸಾಕು. ಅಳೆಯುವ ವಿದ್ಯೆ ಮೈಸೂರಿನಲ್ಲಿ, ಮಂಗಳೂರಿನಲ್ಲಿ ಈಗಾಗಲೇ ಇದೆ. ಮೊದಲ ಡಬ್ಬಿಗಳನ್ನು ನೆಲಮಾಳಿಗೆಯ ವಾಚ್‌ಮನ್ ಕೋಣೆಗಳಲ್ಲಿ, ತಗ್ಗಿನಲ್ಲಿ ಕಟ್ಟಿದ ಅಂಗನವಾಡಿಗಳಲ್ಲಿ ತೂಗುಹಾಕಲಿ ಎಂದು ಪಾಲಿಕೆಗಳನ್ನೂ ವಿಶ್ವವಿದ್ಯಾಲಯಗಳನ್ನೂ ಕೇಳಿಕೊಳ್ಳುತ್ತೇನೆ.

ಲಾಲ್‌ಬಾಗಿನ ಹಿರಿಯರೇ, ನೀವು ಬಂಡೆಯ ಮೇಲೆ ಎಂದಿನಂತೆ ಕುಳಿತುಕೊಳ್ಳಿ. ನೆಲಮಹಡಿಯಲ್ಲಿ ಮಲಗುವವರಾದರೆ ಕಿಟಕಿಗೆ ಜಾಲರಿ ಹಾಕಿಸಿ ರಾತ್ರಿ ಒಂದು ರೆಕ್ಕೆಯನ್ನಾದರೂ ತೆರೆದಿಡಿ, ನೆಲದ ಬಿರುಕುಗಳಿಗೆ ಸಿಮೆಂಟು ಹಾಕಿಸಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಮೊದಲು ಅದನ್ನು ಬಿಡಿಸಿ.